ಚಳಿ ನನ್ನದು, ಕಿಟಕಿ ಕೌನ್ಸಿಲ್‌ನದು

ಬೆಳಿಗ್ಗೆ ಎದ್ದು ಒಲೆ ಮೇಲೆ ಹಾಲಿಟ್ಟು, ಅದು ಕಾಯುವುದರೊಳಗೆ ಕಿಟಕಿ ಒರೆಸಬೇಕು. ಏಳು ಚಳಿಗಾಲ ಇದನ್ನೇ ಮಾಡಿದ್ದೇನೆ. ರಾತ್ರಿಯೆಲ್ಲ ಗಾಜಿನ ಮೇಲೆ ಕೂತ ನೀರು ಹನಿಹನಿಯಾಗಿ ಇಳಿದು, ಕೆಳಗಿನ ಕಬ್ಬಿಣದ ಪಟ್ಟಿಯಲ್ಲಿ ನಿಂತಿರುತ್ತಿತ್ತು. ಅದಕ್ಕೆಂದೇ ಎರಡು ಹಳೇ ಟವೆಲ್ ಇಟ್ಟಿದ್ದೆ. ಹಿಂಡಿದರೆ ಮಲಗುವ ಕೋಣೆಯ ಒಂದೇ ಕಿಟಕಿಯಿಂದ ಅರ್ಧ ಲೋಟ ನೀರು ಬರುತ್ತಿತ್ತು. ಒಂದು ದಿನ ಬಿಟ್ಟರೂ ಮೂಲೆಯಲ್ಲಿ ಕಪ್ಪು ಬೂಷ್ಟು. ಮಗಳ ಬಟ್ಟೆ ಕಪಾಟನ್ನು ಗೋಡೆಯಿಂದ ಒಂದು ಗೇಣು ಮುಂದೆ ಎಳೆದು ಇಟ್ಟಿದ್ದೆವು. ಆದರೂ ಅದರ ಬೆನ್ನಿಗೆ ಬೂಷ್ಟು ಹತ್ತಿತ್ತು.

ನಾವಿರುವುದು ದಕ್ಷಿಣ ಲಂಡನ್‌ನ ಒಂದು ಕೌನ್ಸಿಲ್ ಕಟ್ಟಡದಲ್ಲಿ. ನಾಲ್ಕು ಅಂತಸ್ತು, ಲಿಫ್ಟ್ ಇಲ್ಲ, 1960ರ ದಶಕದಲ್ಲಿ ಕಟ್ಟಿದ್ದು. ಕೌನ್ಸಿಲ್ ಅಂದರೆ ನಮ್ಮ ನಗರಸಭೆ ಇದ್ದ ಹಾಗೆ. ಆದರೆ ಇಲ್ಲಿ ಅವರು ಮನೆ ಕಟ್ಟಿಸಿ ಬಾಡಿಗೆಗೂ ಕೊಡುತ್ತಾರೆ. ನಮ್ಮ ಕಿಟಕಿಗಳು ಕಟ್ಟಡದಷ್ಟೇ ಹಳೆಯವಾಗಿದ್ದವು. ತೆಳುವಾದ ಉಕ್ಕಿನ ಚೌಕಟ್ಟು, ಒಂದೇ ಪದರದ ಗಾಜು, ಸುತ್ತ ಕಲ್ಲಿನಂತೆ ಗಟ್ಟಿಯಾದ ಪುಟ್ಟಿ. ನೋಡೋಕೆ ಚೆಂದವೇ. ಆದರೆ ಉಕ್ಕು ಒಳಗಿನ ಬಿಸಿಯನ್ನು ಸೀದಾ ಹೊರಗೆ ದಾಟಿಸುತ್ತದೆ. ಗಾಜು, ಚೌಕಟ್ಟು ಎರಡೂ ತಣ್ಣಗಿರುತ್ತವೆ. ನಾವು ಬಿಟ್ಟ ಉಸಿರು, ಅನ್ನ ಬೇಯಿಸಿದ ಹಬೆ, ಒಳಗೇ ಒಣ ಹಾಕಿದ ಬಟ್ಟೆಯ ತೇವ ಎಲ್ಲ ಹೋಗಿ ಅಲ್ಲಿ ನೀರಾಗುತ್ತವೆ. ಕಿಟಕಿಯಿಂದ ಎಷ್ಟು ಬಿಸಿ ಸೋರುತ್ತದೆ ಅನ್ನೋದಕ್ಕೆ ಇಲ್ಲಿ ಯು-ವ್ಯಾಲ್ಯೂ ಅಂತ ಒಂದು ಅಳತೆ ಇದೆ. ಕಡಿಮೆ ಇದ್ದಷ್ಟೂ ಒಳ್ಳೆಯದು. ಇಂಥ ಹಳೇ ಕಿಟಕಿಗೆ ಅದು 5ರ ಮೇಲೆ. ಇಂಗ್ಲೆಂಡ್‌ನಲ್ಲಿ 2022ರ ಜೂನ್‌ನಿಂದ, ಹಳೇ ಮನೆಗೆ ಹೊಸ ಕಿಟಕಿ ಹಾಕಿದರೆ ಅದು ಸಾಮಾನ್ಯವಾಗಿ 1.4 ದಾಟಬಾರದು. ಎಷ್ಟು ವ್ಯತ್ಯಾಸ ನೋಡಿ.

ಹಾಗಾದರೆ ಬದಲಿಸಬಹುದಿತ್ತಲ್ಲ, ಸ್ವಂತ ಮನೆ ತಾನೇ? ಅಮ್ಮ ಸಾಗರದ ಹತ್ತಿರದ ನಮ್ಮೂರಿನಿಂದ ವಿಡಿಯೋ ಕಾಲ್‌ನಲ್ಲಿ ಇದನ್ನೇ ಕೇಳುತ್ತಿದ್ದಳು. "ಸಾಲ ಮಾಡಿ ಮನೆ ತಗೊಂಡಿದೀವಿ ಅಂತೀಯ. ಕಿಟಕಿ ಹಾಕಿಸೋಕೆ ಯಾರನ್ನ ಕೇಳ್ಬೇಕೇ?" ಊರಲ್ಲಿ ಅಪ್ಪ ಆಚಾರ್ರನ್ನು ಕರೆಸಿ, ಹಲಸಿನ ಹಲಗೆ ತೋರಿಸಿ, ಇಷ್ಟು ಅಗಲ ಇಷ್ಟು ಎತ್ತರ ಅಂತ ಕೈಯಲ್ಲೇ ಅಳತೆ ಹೇಳಿ ಕಿಟಕಿ ಮಾಡಿಸಿದ್ದರು. ಆ ಲೆಕ್ಕದಲ್ಲಿ ಅಮ್ಮನ ಪ್ರಶ್ನೆ ಸರಿಯಾಗೇ ಇತ್ತು. ನನಗೆ ಅವಳಿಗೆ ಉತ್ತರ ಹೇಳೋಕೆ ಬರುತ್ತಿರಲಿಲ್ಲ. ಯಾಕಂದರೆ ಮನೆ ಕೊಂಡು ಮೂರು ವರ್ಷವಾದರೂ ನಾನೇ ನಮ್ಮ ಲೀಸ್ ಪತ್ರವನ್ನು ಪೂರ್ತಿ ಓದಿರಲಿಲ್ಲ.

ಬೆಂಗಳೂರಿನಲ್ಲಿ ಲೀಸ್ ಅಂದರೆ ಭೋಗ್ಯ. ಒಂದಿಷ್ಟು ಲಕ್ಷ ಒಟ್ಟಿಗೆ ಕೊಟ್ಟು, ಎರಡು ಮೂರು ವರ್ಷ ಬಾಡಿಗೆ ಇಲ್ಲದೆ ಇದ್ದು, ಹೋಗುವಾಗ ದುಡ್ಡು ವಾಪಸ್. ಇಲ್ಲಿಯ ಲೀಸ್ ಹಾಗಲ್ಲ. 1980ರಲ್ಲಿ ಮಾರ್ಗರೆಟ್ ಥ್ಯಾಚರ್ ಸರ್ಕಾರ ಒಂದು ಕಾನೂನು ತಂದಿತು. ಕೌನ್ಸಿಲ್ ಮನೆಗಳಲ್ಲಿ ಬಾಡಿಗೆಗೆ ಇದ್ದವರು ಅದೇ ಮನೆಯನ್ನು ರಿಯಾಯಿತಿಯಲ್ಲಿ ಕೊಳ್ಳಬಹುದು ಅಂತ. ರೈಟ್ ಟು ಬೈ ಅಂತ ಅದರ ಹೆಸರು. ಇಂಗ್ಲೆಂಡ್ ಒಂದರಲ್ಲೇ ಸುಮಾರು 20 ಲಕ್ಷ ಮನೆ ಹೀಗೆ ಮಾರಾಟವಾಗಿವೆ. ಬಿಡಿ ಮನೆಯಾದರೆ ಸಾಮಾನ್ಯವಾಗಿ ನೆಲವೂ ಸೇರಿ ಸಿಗುತ್ತಿತ್ತು. ಫ್ಲಾಟ್ ಆದರೆ 125 ವರ್ಷದ ಲೀಸ್. ಕಟ್ಟಡ, ನೆಲ, ಚಾವಣಿ ಎಲ್ಲ ಕೌನ್ಸಿಲ್‌ದೇ. ನಮ್ಮ ಫ್ಲಾಟನ್ನು ಮೊದಲು ಹಾಗೆ ಕೊಂಡವರು ಬೇರೆಯವರಿಗೆ ಮಾರಿದರು. ಅವರಿಂದ 2016ರಲ್ಲಿ ನಾವು ಕೊಂಡೆವು. ಉಳಿದ ವರ್ಷಗಳಷ್ಟೇ ನಮ್ಮವು. ವರ್ಷಕ್ಕೆ 10 ಪೌಂಡ್ ಗ್ರೌಂಡ್ ರೆಂಟ್, ಅಂದರೆ ನೆಲದ ಬಾಡಿಗೆ, ಕಟ್ಟುತ್ತೇವೆ. ಕಟ್ಟಡದ ನಿರ್ವಹಣೆಗೆ ಸರ್ವಿಸ್ ಚಾರ್ಜ್ ಬೇರೆ.

2019ರಲ್ಲಿ ನನ್ನ ಗಂಡ ಹತ್ತಿರದ ಒಂದು ಕಿಟಕಿ ಅಂಗಡಿಯವರನ್ನು ಕರೆಸಿ ರೇಟು ಕೇಳಿದರು. ಐದು ಕಿಟಕಿ, ಎರಡು ಪದರದ ಗಾಜು, ಎಲ್ಲ ಸೇರಿ 5,200 ಪೌಂಡ್. ದೊಡ್ಡ ಮೊತ್ತವೇ. ಆದರೂ ಮನಸ್ಸು ಮಾಡಿದೆವು. ಸುಮ್ನೆ ಒಂದು ಮಾತು ಕೇಳಿಬಿಡೋಣ ಅಂತ ಕೌನ್ಸಿಲ್‌ಗೆ ಇಮೇಲ್ ಕಳಿಸಿದೆ. ಆರು ವಾರದ ನಂತರ ಉತ್ತರ ಬಂತು. ಅನುಮತಿ ಇಲ್ಲ. ಚೌಕಟ್ಟು ಕಟ್ಟಡದ ಹೊರಮೈಗೆ ಸೇರಿದ್ದು, ಅದನ್ನು ಮುಟ್ಟಬೇಡಿ.

ಅವತ್ತು ರಾತ್ರಿ ಲೀಸ್ ಪತ್ರ ತೆಗೆದು ಕೂತೆ. ಟೈಪ್‌ರೈಟರ್‌ನಲ್ಲಿ ಹೊಡೆದ ಹಳೇ ಪ್ರತಿ. ಅಲ್ಲಲ್ಲಿ ಅಕ್ಷರ ಮಾಸಿದೆ. ಹನ್ನೊಂದನೇ ಪುಟದಲ್ಲಿ ಸಿಕ್ಕಿತು. ಕಿಟಕಿಯ ಗಾಜು ಲೀಸ್‌ಹೋಲ್ಡರ್‌ದು, ಅಂದರೆ ನಮ್ಮ ಹಾಗೆ ಲೀಸ್ ಕೊಂಡವರದು. ಕಿಟಕಿಯ ಚೌಕಟ್ಟು ಕೌನ್ಸಿಲ್‌ನದು. ಗಾಜು ಒಡೆದರೆ ನಾನೇ ಹಾಕಿಸಬೇಕು. ಆ ಗಾಜನ್ನು ಹಿಡಿದುಕೊಂಡ ಉಕ್ಕು ನನ್ನದಲ್ಲ. ಅದನ್ನು ಸುಸ್ಥಿತಿಯಲ್ಲಿ ಇಡೋದು ಕೌನ್ಸಿಲ್ ಕೆಲಸ, ಅದರ ಖರ್ಚಿನಲ್ಲಿ ನನ್ನ ಪಾಲು ಕೊಡೋದು ನನ್ನ ಕೆಲಸ. ಎರಡು ಮೂರು ಸಲ ಓದಿದೆ. ಸಿಟ್ಟು ಬಂತು. ಆಮೇಲೆ ಮುಂದಿನ ಪುಟಗಳನ್ನೂ ಓದಿದೆ. ಅದನ್ನು ಓದಿದ್ದೇ ಒಳ್ಳೆಯದಾಯಿತು. ಚೌಕಟ್ಟು ನನ್ನದಲ್ಲ ಅಂತ ಒಪ್ಪಿಕೊಂಡ ಮೇಲೆಯೇ, ಅದರ ಬಗ್ಗೆ ಕೇಳುವ ಹಕ್ಕು ನನಗೆ ಏನೇನಿದೆ ಅನ್ನೋದು ಕಣ್ಣಿಗೆ ಬಿತ್ತು.

ಎಲ್ಲ ಕೌನ್ಸಿಲ್ ಲೀಸ್‌ಗಳೂ ಒಂದೇ ಥರ ಇರುವುದಿಲ್ಲ. ಕೆಲವದರಲ್ಲಿ ಚೌಕಟ್ಟೂ ಕೊಂಡವರದೇ. ಪಕ್ಕದ ಎಸ್ಟೇಟ್‌ನಲ್ಲಿರುವ (ಕೌನ್ಸಿಲ್ ಕಟ್ಟಡಗಳ ಗುಂಪಿಗೆ ಇಲ್ಲಿ ಎಸ್ಟೇಟ್ ಅಂತಾರೆ) ಗೆಳತಿ ಹಾಕಿಸಿಕೊಂಡಳು ಅಂತ ನೀವೂ ಹಾಕಿಸಬೇಡಿ. ನಿಮ್ಮ ಪತ್ರ ಏನು ಹೇಳುತ್ತದೋ ಅದೇ ಮಾತು.

ಕೌನ್ಸಿಲ್ ಯಾಕೆ ಒಬ್ಬೊಬ್ಬರಿಗೆ ಬಿಡುವುದಿಲ್ಲ ಅನ್ನೋದಕ್ಕೆ ಕಾರಣ ಇದೆ. ಅದನ್ನು ನಾನು ಈಗ ಮನಸಾರೆ ಒಪ್ಪುತ್ತೇನೆ. 2017ರ ಜೂನ್ 14ರಂದು, ಮಧ್ಯರಾತ್ರಿ ಕಳೆದ ಮೇಲೆ, ಪಶ್ಚಿಮ ಲಂಡನ್‌ನ ಗ್ರೆನ್‌ಫೆಲ್ ಟವರ್‌ಗೆ ಬೆಂಕಿ ಬಿತ್ತು. 24 ಅಂತಸ್ತಿನ ಕಟ್ಟಡ. 72 ಜನ ಹೋದರು. ನಾವು ಆಗ ಈ ಮನೆಗೆ ಬಂದು ಒಂದು ವರ್ಷವೂ ಆಗಿರಲಿಲ್ಲ. ಬೆಂಕಿ ಅಷ್ಟು ಬೇಗ ಮೇಲೇರಿದ್ದಕ್ಕೆ ಮುಖ್ಯ ಕಾರಣ ಹೊರಗೋಡೆಗೆ ಹೊದಿಸಿದ್ದ ಹಲಗೆ. ಆದರೆ ನಾಲ್ಕನೇ ಮಹಡಿಯ ಒಂದು ಅಡುಗೆಮನೆಯಲ್ಲಿ ಹತ್ತಿದ ಬೆಂಕಿ ಆ ಹೊದಿಕೆಯವರೆಗೆ ತಲುಪಿದ್ದು ಹೇಗೆ? 2019ರಲ್ಲಿ ಬಂದ ವಿಚಾರಣಾ ವರದಿಯ ಪ್ರಕಾರ ಬಹುಮಟ್ಟಿಗೆ ಕಿಟಕಿಯ ಅಂಚಿನಿಂದ. ನವೀಕರಣದ ವೇಳೆ ಹೊಸ ಕಿಟಕಿ ಹಾಕಿದಾಗ ಸುತ್ತ ಬಳಸಿದ್ದ ಯುಪಿವಿಸಿ ಅನ್ನುವ ಪ್ಲಾಸ್ಟಿಕ್‌ನ ಪಟ್ಟಿ ಬಿಸಿಗೆ ಮೆತ್ತಗಾಗಿ ಸೊಟ್ಟಗಾಯಿತು. ಹಿಂದಿದ್ದ ಸಂದಿಗೆ ದಾರಿಯಾಯಿತು. ಕಿಟಕಿಗೂ ಗೋಡೆಗೂ ನಡುವಿನ ಒಂದು ಸಂದಿ. ಅದನ್ನು ಯಾವುದರಿಂದ ತುಂಬುತ್ತೇವೆ ಅನ್ನೋದು ಮೇಲಿನ ಮನೆಯವರ ಜೀವದ ಪ್ರಶ್ನೆ. ಅಂಗಡಿಯವರು ನಮಗೆ ರೇಟು ಕೊಟ್ಟಾಗ ನಾನು ಆ ಪ್ರಶ್ನೆ ಕೇಳಿರಲಿಲ್ಲ. ಬಿಳಿ ಬಣ್ಣ ಇದೆಯಾ ಅಂತ ಕೇಳಿದ್ದೆ.

ಮುಂದಿನ ಮೂರು ವರ್ಷ ಇದ್ದದ್ದರಲ್ಲೇ ಕಳೆದೆವು. ಕಿಟಕಿಯ ಒಳಬದಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಕೂದಲು ಒಣಗಿಸುವ ಡ್ರೈಯರ್‌ನಿಂದ ಬಿಸಿಗಾಳಿ ಬಿಟ್ಟರೆ ಅದು ಬಿಗಿಯಾಗಿ ಎಳೆದು ನಿಲ್ಲುತ್ತದೆ. ಗಾಜಿಗೂ ಹಾಳೆಗೂ ನಡುವೆ ಗಾಳಿಯ ಒಂದು ಪದರ. ನಿಜಕ್ಕೂ ಉಪಯೋಗ ಆಗುತ್ತದೆ. ಆದರೆ ಕಿಟಕಿ ತೆಗೆಯುವ ಹಾಗಿಲ್ಲ. ಹಾಗಾಗಿ ಅಡುಗೆಮನೆಗೆ ಹಾಕಲಾಗಲಿಲ್ಲ. ಒಗ್ಗರಣೆಗೆ ಒಣಮೆಣಸು ಬಿದ್ದ ಕೂಡಲೇ ಕಿಟಕಿ ತೆಗೆಯದಿದ್ದರೆ ಸ್ಮೋಕ್ ಅಲಾರಂ ಕೂಗಿಕೊಳ್ಳುತ್ತದೆ.

2022ರ ಅಕ್ಟೋಬರ್‌ನಲ್ಲಿ ದಪ್ಪನೆಯ ಒಂದು ಲಕೋಟೆ ಬಂತು. ಸೆಕ್ಷನ್ 20 ನೋಟಿಸ್.

ಲೀಸ್‌ಹೋಲ್ಡರ್ ಆದವರೆಲ್ಲ ಹೆದರುವ ಕಾಗದ ಇದು. 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಆಕ್ಟ್‌ನ 20ನೇ ಸೆಕ್ಷನ್. ಕಟ್ಟಡದ ಕೆಲಸಕ್ಕೆ ಯಾವುದೇ ಒಬ್ಬ ಲೀಸ್‌ಹೋಲ್ಡರ್‌ನಿಂದ 250 ಪೌಂಡ್‌ಗಿಂತ ಜಾಸ್ತಿ ವಸೂಲಿ ಮಾಡುವುದಿದ್ದರೆ, ಮೊದಲು ಲೀಸ್‌ಹೋಲ್ಡರ್‌ಗಳಿಗೆಲ್ಲ ತಿಳಿಸಬೇಕು, ಅಭಿಪ್ರಾಯ ಹೇಳಲು 30 ದಿನ ಕೊಡಬೇಕು, ಬಂದ ಅಭಿಪ್ರಾಯವನ್ನು ಗಮನಕ್ಕೆ ತೆಗೆದುಕೊಳ್ಳಬೇಕು. ಈ ಕ್ರಮ ತಪ್ಪಿದರೆ, ಇಂಥ ವ್ಯಾಜ್ಯ ನೋಡುವ ಟ್ರಿಬ್ಯೂನಲ್ ವಿನಾಯಿತಿ ಕೊಡದ ಹೊರತು ಒಬ್ಬೊಬ್ಬರಿಂದ 250 ಪೌಂಡ್‌ಗಿಂತ ಹೆಚ್ಚು ಕೇಳುವ ಹಾಗಿಲ್ಲ. ಸಾಮಾನ್ಯವಾಗಿ ಎರಡು ನೋಟಿಸ್ ಬರುತ್ತವೆ, ಮೊದಲನೆಯದರಲ್ಲಿ ನಾವು ನಮ್ಮ ಕಡೆಯ ಗುತ್ತಿಗೆದಾರರ ಹೆಸರನ್ನೂ ಸೂಚಿಸಬಹುದು. ನಮಗೆ ಬಂದದ್ದು ಒಂದೇ. ಯಾಕಂದರೆ ಕೌನ್ಸಿಲ್ ಮೊದಲೇ ಒಂದು ಕಂಪನಿಯ ಜೊತೆ ಹಲವು ವರ್ಷಗಳ ಒಪ್ಪಂದ ಮಾಡಿಕೊಂಡಿತ್ತು. ಅಂಥ ಒಪ್ಪಂದದಡಿ ನಡೆಯುವ ಕೆಲಸಕ್ಕೆ ಒಂದೇ ನೋಟಿಸ್ ಸಾಕು, ಬೇರೆ ಗುತ್ತಿಗೆದಾರರನ್ನು ಸೂಚಿಸುವ ಅವಕಾಶವೂ ಇರುವುದಿಲ್ಲ. ಇದು ನನಗೆ ಇವತ್ತಿಗೂ ಸರಿ ಅನ್ನಿಸುವುದಿಲ್ಲ. ಒಪ್ಪಂದ ಮಾಡಿಕೊಳ್ಳುವಾಗಲೂ ನಮಗೆ ಪತ್ರ ಬಂದಿತ್ತು ನಿಜ. ಆದರೆ ಯಾವ ಕೆಲಸ, ಯಾವ ಕಟ್ಟಡ, ಎಷ್ಟು ಖರ್ಚು ಅಂತ ಗೊತ್ತಿಲ್ಲದಾಗ ಯಾರು ಏನು ಅಭಿಪ್ರಾಯ ಹೇಳಲು ಸಾಧ್ಯ?

ನನ್ನ ಪಾಲು ಅಂತ ಬರೆದಿದ್ದ ಅಂದಾಜು 13,900 ಪೌಂಡ್. ನಾನು ಕಾಗದ ಹಿಡಿದು ಮೆಟ್ಟಿಲ ಮೇಲೇ ಕೂತುಬಿಟ್ಟೆ.

ಅಷ್ಟರಲ್ಲಿ ಮೇಲಿನ ಮನೆಯ ಆಂಟಿ ಸಾಮಾನು ಹೊತ್ತು ಬಂದರು. ಜಮೈಕಾದಿಂದ ಬಂದವರು, 1970ರ ದಶಕದಿಂದ ಇದೇ ಕಟ್ಟಡದಲ್ಲಿದ್ದಾರೆ. ಅವರು ಇವತ್ತಿಗೂ ಕೌನ್ಸಿಲ್‌ನ ಬಾಡಿಗೆದಾರರು. ಕೊಳ್ಳಲಿಲ್ಲ. ನನ್ನ ಕೈಯಲ್ಲಿದ್ದ ಕಾಗದ ನೋಡಿ "ಕಿಟಕಿದಾ? ಕೊನೆಗೂ ಬಂತಾ?" ಅಂದರು. ಮುಖ ಅರಳಿತ್ತು. ಮಂಡಿ ನೋವು, ದಮ್ಮು ಎರಡೂ ಇರುವ ಅವರು ಚಳಿಗಾಲದಲ್ಲಿ ಒಂದೇ ಕೋಣೆಗೆ ಹೀಟರ್ ಹಾಕಿಕೊಂಡು ಅಲ್ಲೇ ಇರುತ್ತಾರೆ. ಹೊಸ ಕಿಟಕಿ ಬೇಕು ಅಂತ ಇಪ್ಪತ್ತು ವರ್ಷದಿಂದ ಅರ್ಜಿ ಹಾಕುತ್ತಾ ಬಂದವರು. ಬಾಡಿಗೆದಾರರಿಗೆ ಇದರ ಬಿಲ್ ಬರುವುದಿಲ್ಲ. ಅವರು ಕಟ್ಟುವ ಬಾಡಿಗೆಯಲ್ಲೇ ಕೌನ್ಸಿಲ್ ಅದನ್ನು ನೋಡಿಕೊಳ್ಳಬೇಕು. ಒಂದೇ ಮೆಟ್ಟಿಲಿನ ಮೇಲೆ ಒಂದೇ ಸುದ್ದಿ. ಅವರಿಗೆ ಹಬ್ಬ, ನನಗೆ ಎದೆ ಒಡೆದ ಹಾಗೆ. ನಾನು ಮೊತ್ತ ತೋರಿಸಿದೆ. ಅವರು ಸಾಮಾನಿನ ಚೀಲ ಕೆಳಗಿಟ್ಟು ನನ್ನ ಪಕ್ಕ ಕೂತರು. "ಅಷ್ಟೊಂದಾ, ಮಗಳೇ," ಅಂದರು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಅವತ್ತಿನಿಂದ ನನಗೆ ಈ ಕೆಲಸ ನಿಲ್ಲಿಸಬೇಕು ಅನ್ನಿಸಲಿಲ್ಲ. ಸರಿಯಾಗಿ ಆಗಬೇಕು, ಲೆಕ್ಕ ಸರಿಯಾಗಿರಬೇಕು ಅಷ್ಟೇ. ನಮ್ಮ ಮೆಟ್ಟಿಲು ಬಳಸುವ ಎಂಟು ಮನೆಗಳಲ್ಲಿ ಮೂವರು ಲೀಸ್‌ಹೋಲ್ಡರ್‌ಗಳು. ನಾವು ಮೂವರೂ, ಜೊತೆಗೆ ಆಂಟಿ, ನಮ್ಮ ಅಡುಗೆಮನೆ ಮೇಜಿನ ಸುತ್ತ ಎರಡು ಭಾನುವಾರ ಕೂತೆವು. ಲೀಸ್‌ಹೋಲ್ಡರ್‌ಗಳಿಗೆ ಉಚಿತ ಸಲಹೆ ಕೊಡುವ ಸರ್ಕಾರಿ ನೆರವಿನ ಸಂಸ್ಥೆ ಲೀಸ್‌ಹೋಲ್ಡ್ ಅಡ್ವೈಸರಿ ಸರ್ವಿಸ್. ಅದರ ಮಾಹಿತಿಯನ್ನೆಲ್ಲ ಓದಿದೆವು. 2017ರ ಒಂದು ತೀರ್ಪು ನಮಗೆ ತುಂಬಾ ಕೆಲಸಕ್ಕೆ ಬಂತು. ಪಶ್ಚಿಮ ಲಂಡನ್‌ನ ಹೌನ್ಸ್ಲೋ ಕೌನ್ಸಿಲ್‌ನ ಒಂದು ಎಸ್ಟೇಟ್‌ನಲ್ಲಿ ಮರದ ಚೌಕಟ್ಟಿನ ಕಿಟಕಿ ತೆಗೆದು ಲೋಹದ್ದು ಹಾಕಿದ್ದರು. ಅದಕ್ಕಾಗಿ ಹೊರಗೋಡೆಯ ಹೊದಿಕೆಯನ್ನೂ ಬದಲಿಸಬೇಕಾಯಿತು. ಚಾವಣಿ ಕೆಲಸವೂ ಸೇರಿ ಒಬ್ಬ ಲೀಸ್‌ಹೋಲ್ಡರ್‌ಗೆ 55,000 ಪೌಂಡ್ ದಾಟಿದ ಬಿಲ್ ಬಂತು. ಅವರು ಬಿಡಲಿಲ್ಲ, ಕೋರ್ಟ್ ಆಫ್ ಅಪೀಲ್‌ವರೆಗೆ ಹೋಯಿತು. ಕೋರ್ಟ್ ಹೇಳಿದ್ದರ ತಿರುಳು ಇಷ್ಟು. ದುರಸ್ತಿ ಮಾಡಲೇಬೇಕಾದ್ದು, ಇರುವುದನ್ನು ಇನ್ನೂ ಚೆನ್ನಾಗಿ ಮಾಡುವುದು ಮನಸ್ಸಿಗೆ ಬಿಟ್ಟದ್ದು. ಎರಡನೆಯದಕ್ಕೆ ಖರ್ಚು ಹಾಕುವಾಗ ಕೊಡುವವರ ಅಭಿಪ್ರಾಯಕ್ಕೂ ಅವರ ಜೇಬಿನ ಮೇಲೆ ಬೀಳುವ ಹೊರೆಗೂ ಹೆಚ್ಚು ತೂಕ ಕೊಡಬೇಕು. ಅಂದರೆ ನಮ್ಮ ಅಭಿಪ್ರಾಯಕ್ಕೆ ಬೆಲೆ ಇದೆ ಅಂತಾಯಿತು.

ಹಾಗಾಗಿ ನಾವು ಬರೀ ಜಾಸ್ತಿಯಾಯಿತು ಅಂತ ಬರೆಯಲಿಲ್ಲ. ಕಿಟಕಿಗಳನ್ನು ಪರೀಕ್ಷಿಸಿದ ವರದಿ ಕೊಡಿ, ಯಾವುದು ದುರಸ್ತಿಗೆ ಬರುತ್ತದೆ ಯಾವುದು ಇಲ್ಲ ತೋರಿಸಿ ಅಂದೆವು. ಸಾರ್ವೆ ಕಟ್ಟುವ ಖರ್ಚೇ ಮೊತ್ತದ ದೊಡ್ಡ ಭಾಗವಾಗಿತ್ತು. ಎರಡು ವರ್ಷದಲ್ಲಿ ಚಾವಣಿಯ ನೀರಿನ ದೋಣಿ ಬದಲಿಸುತ್ತೇವೆ ಅಂತಲೂ ಅವರೇ ಇನ್ನೊಂದು ಪತ್ರದಲ್ಲಿ ಬರೆದಿದ್ದರು. ಅದಕ್ಕೆ ಮತ್ತೆ ಸಾರ್ವೆ ಕಟ್ಟಿ ಮತ್ತೆ ನಮ್ಮಿಂದ ವಸೂಲಿ ಮಾಡುವ ಬದಲು ಈಗಲೇ ಮಾಡಿ ಅಂದೆವು. ಕಿಟಕಿ ಅಂಚಿನ ಸಂದಿಗೆ ಏನು ತುಂಬುತ್ತೀರಿ, ಅದು ಬೆಂಕಿಗೆ ಹೇಗೆ ತಡೆಯುತ್ತದೆ ಅಂತ ಕೇಳಿದ ಪ್ರಶ್ನೆ ಆಂಟಿಯದು. ಬಾಡಿಗೆದಾರರು ಸೆಕ್ಷನ್ 20ರಲ್ಲಿ ಬರುವುದಿಲ್ಲ. ಆದರೂ ಅವರು ತಮ್ಮದೇ ಪತ್ರ ಬರೆದು, ನೀಲಿ ಇಂಕಿನಲ್ಲಿ ಸಹಿ ಮಾಡಿ, ನಮ್ಮದರ ಜೊತೆ ಇಟ್ಟರು.

ನನ್ನದೂ ಒಂದಿತ್ತು. ಹೊಸ ನಕ್ಷೆಯಲ್ಲಿ ಅಡುಗೆಮನೆ ಕಿಟಕಿಯ ಕೆಳಭಾಗ ತೆಗೆಯಲು ಬಾರದ ಗಾಜು, ಮೇಲೆ ಒಂದು ಸಣ್ಣ ಪಟ್ಟಿ ಮಾತ್ರ ತೆಗೆಯಬಹುದು. ದಿನಾ ಅನ್ನ, ಸಾರು, ಒಗ್ಗರಣೆ ಆಗುವ ಮನೆ ಇದು, ಇಷ್ಟರಿಂದ ಹಬೆ ಹೋಗುವುದಿಲ್ಲ, ಬೂಷ್ಟು ಓಡಿಸಲು ಹಾಕಿದ ಕಿಟಕಿಯೇ ಬೂಷ್ಟು ತರುತ್ತದೆ ಅಂತ ಬರೆದೆ. ಮೂರನೇ ಅಂತಸ್ತಿನಲ್ಲಿ ಹೊರಗಿನ ಗಾಜು ಒರೆಸುವುದು ಹೇಗೆ ಅಂತಲೂ ಕೇಳಿದೆ.

ಉತ್ತರ ಬರಲು ಎರಡೂವರೆ ತಿಂಗಳಾಯಿತು. ಕಿಟಕಿಗಳನ್ನು ದುರಸ್ತಿ ಮಾಡಬಹುದಲ್ಲ ಅನ್ನುವುದನ್ನು ಒಪ್ಪಲಿಲ್ಲ. ತುಕ್ಕು ಹಿಡಿದು ಉಬ್ಬಿದ ಚೌಕಟ್ಟುಗಳ ಫೋಟೋ ಇದ್ದ ವರದಿ ಕಳಿಸಿದರು. ನೋಡಿದರೆ ನಮಗೂ ಮಾತು ಬರಲಿಲ್ಲ. ನೀರಿನ ದೋಣಿಯನ್ನು ಅದೇ ಸಾರ್ವೆಯಲ್ಲಿ ಮಾಡಲು ಒಪ್ಪಿದರು. ಅಡುಗೆಮನೆ ಕಿಟಕಿ ನೋಡಲು ಒಬ್ಬ ಇಂಜಿನಿಯರ್ ಮನೆಗೆ ಬಂದರು. ನಾನು ಬೇಕೆಂದೇ ಆಗ ಸಾಸಿವೆ ಸಿಡಿಸಿದೆ. ಅವರು ಕೆಮ್ಮುತ್ತಾ ಬರೆದುಕೊಂಡರು. ಹೊಸ ನಕ್ಷೆಯಲ್ಲಿ ಅರ್ಧ ಕಿಟಕಿ ಪೂರ್ತಿ ತೆಗೆಯುವ ಹಾಗೆ, ತಿರುಗಿಸಿ ಒಳಗಿನಿಂದಲೇ ಒರೆಸುವ ಹಾಗೆ ಬಂತು.

ಮೊತ್ತ ಮಾತ್ರ ಹೆಚ್ಚು ಇಳಿಯಲಿಲ್ಲ. ಕೌನ್ಸಿಲ್ ಒಬ್ಬ ಲೀಸ್‌ಹೋಲ್ಡರ್‌ನಿಂದ ವಸೂಲಿ ಮಾಡುವ ಮೊತ್ತಕ್ಕೆ 2014ರಿಂದ ಒಂದು ಮಿತಿ ಇದೆ. ಲಂಡನ್‌ನಲ್ಲಿ ಐದು ವರ್ಷಕ್ಕೆ 15,000 ಪೌಂಡ್, ಇಂಗ್ಲೆಂಡ್‌ನ ಬೇರೆ ಕಡೆ 10,000. ಆದರೆ ಕೇಂದ್ರ ಸರ್ಕಾರದ ಗೊತ್ತುಮಾಡಿದ ಅನುದಾನದಲ್ಲಿ ನಡೆಯುವ ಕೆಲಸಕ್ಕೆ ಮಾತ್ರ. ನಮ್ಮದು ಅದರಡಿ ಬರಲಿಲ್ಲ. ಬಡ್ಡಿ ಇಲ್ಲದ ಕಂತು ಕೊಟ್ಟರು, 36 ತಿಂಗಳು. ಮಗಳ ಈಜು ಕ್ಲಾಸ್ ಒಂದು ವರ್ಷ ನಿಂತಿದೆ. ಊರಿಗೆ ಹೋಗುವುದನ್ನೂ ಮುಂದೆ ಹಾಕಿದ್ದೇವೆ.

ಕೆಲಸ ನಡೆದದ್ದು 2024ರ ಫೆಬ್ರವರಿಯಲ್ಲಿ. ಬೆಳಿಗ್ಗೆ ಎಂಟಕ್ಕೆ ಇಬ್ಬರು ಬಂದರು. ನೆಲಕ್ಕೆಲ್ಲ ಹಾಳೆ ಹಾಸಿ, ಮೊದಲು ಗಾಜಿಗೆ ಅಡ್ಡಡ್ಡ ಟೇಪ್ ಹಚ್ಚಿ ತೆಗೆದರು. ಆಮೇಲೆ ಚೌಕಟ್ಟನ್ನು ಗರಗಸದಿಂದ ಎರಡು ಕಡೆ ಕೊಯ್ದು ಒಳಗೆ ಎಳೆದರು. ಅರವತ್ತು ವರ್ಷದ ಪುಟ್ಟಿ ಚಕ್ಕೆಚಕ್ಕೆಯಾಗಿ ಉದುರಿತು. ಒಳಗೆ ತುಕ್ಕು ಪದರಪದರವಾಗಿ ಎದ್ದು, ಹಪ್ಪಳದ ಹಾಗೆ ಮುರಿಯುತ್ತಿತ್ತು. ಆ ಗೋಡೆಯಲ್ಲಿ ಸುಮಾರು ಒಂದು ಗಂಟೆ ಬರೀ ಚೌಕಾಕಾರದ ತೂತು. ಗಾಜಿಲ್ಲ, ಚೌಕಟ್ಟಿಲ್ಲ. ಫೆಬ್ರವರಿಯ ಗಾಳಿ ಸೀದಾ ಮನೆಯೊಳಗೆ ಬರುತ್ತಿತ್ತು. ಕೋಟು ಹಾಕಿಕೊಂಡು ನಿಂತು ನೋಡಿದೆ. ಎದುರಿನ ಮರ ಅಷ್ಟು ಹತ್ತಿರ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಅಮ್ಮನಿಗೆ ಫೋನ್ ತಿರುಗಿಸಿ ತೋರಿಸಿದೆ. "ನಮ್ಮನೆ ಕಿಟಕಿ ಥರಾನೇ ಆಯ್ತಲ್ಲೇ, ಸರಳೊಂದಿಲ್ಲ," ಅಂದಳು.

ಕಿಟಕಿಯ ಹಿಡಿಯೊಂದನ್ನು ಇಟ್ಟುಕೊಳ್ಳಬೇಕು ಅನ್ನಿಸಿತು. ಹಿತ್ತಾಳೆಯದು, ಕೈ ತಾಗಿ ತಾಗಿ ನುಣುಪಾಗಿತ್ತು. ಕೆಲಸದವರನ್ನು ಕೇಳಿದೆ. ಅದೂ ಕೌನ್ಸಿಲ್‌ನದೇ, ಮೇಲಿನವರನ್ನು ಕೇಳಬೇಕು ಅಂದರು. ಫೋನ್ ಮಾಡಿ ಕೇಳಿ, ಒರೆಸಿ ಕೈಗಿಟ್ಟರು. ಈಗ ಅದು ಮಸಾಲೆ ಡಬ್ಬಿಗಳ ಪಕ್ಕ ಇದೆ.

ಸಂದಿ ತುಂಬುವಾಗ ಆಂಟಿ ಕೆಳಗಿಳಿದು ಬಂದು ಬಾಗಿಲಲ್ಲೇ ನಿಂತು ನೋಡಿದರು. ಕೌನ್ಸಿಲ್ ಪತ್ರದಲ್ಲಿ ಬರೆದಿದ್ದ ಸಾಮಾನಿನ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದರು. ಕೆಲಸದವನ ಕೈಯಲ್ಲಿದ್ದ ಡಬ್ಬಿಯ ಮೇಲಿನ ಹೆಸರಿನ ಜೊತೆ ಅಕ್ಷರ ಅಕ್ಷರ ಹೋಲಿಸಿ, ಸರಿ ಇದೆ ಅಂದರು. ಆಮೇಲೆ ಉಳಿದ ಏಳು ಮನೆಗೂ ಹೋಗಿ ನೋಡಿದರಂತೆ.

ಹೊಸ ಚೌಕಟ್ಟಿನ ಮೇಲ್ಭಾಗದಲ್ಲಿ ಗಾಳಿ ಆಡಲು ಒಂದು ಸಣ್ಣ ಸಂದಿ ಇದೆ. ಬೇಕಾದಾಗ ಜಾರಿಸಿ ಮುಚ್ಚಬಹುದು. ಚಳಿ ಅಂತ ಅದನ್ನು ಯಾವಾಗಲೂ ಮುಚ್ಚಿಡಬೇಡಿ. ಕಿಟಕಿ ಬಿಗಿಯಾದಷ್ಟೂ ಒಳಗಿನ ತೇವಕ್ಕೆ ದಾರಿ ಬೇಕು. ನಮ್ಮ ಮೆಟ್ಟಿಲಿನಲ್ಲೇ ಒಂದು ಮನೆಯಲ್ಲಿ ಅದನ್ನು ಮುಚ್ಚಿಟ್ಟು, ಮತ್ತೆ ಮೂಲೆಯಲ್ಲಿ ಕಪ್ಪು ಕಾಣಿಸಿಕೊಂಡಿತ್ತು.

ಟವೆಲ್‌ಗಳನ್ನು ಎಸೆದಿಲ್ಲ. ಕೆಲಸ ಮುಗಿದ ಮೇಲೂ ಒಂದು ವಾರ ಹಾಲಿಟ್ಟ ಕೂಡಲೇ ಕೈ ಅಭ್ಯಾಸದಂತೆ ಅಲ್ಲಿಗೇ ಹೋಗುತ್ತಿತ್ತು. ಗಾಜು ಒಣಗಿಯೇ ಇತ್ತು.

ಅಂತಿಮ ಲೆಕ್ಕ ಇನ್ನೂ ಬಂದಿಲ್ಲ. ಈಗ ಕಟ್ಟುತ್ತಿರುವುದು ಅಂದಾಜಿನ ಮೇಲೆ. ಖರ್ಚಿನ ವಿವರಪಟ್ಟಿ ಕೇಳಿ ಪಡೆದ ಮೇಲೆ, ಆರು ತಿಂಗಳ ಒಳಗೆ ಅದರ ಹಿಂದಿನ ಬಿಲ್ಲು ರಸೀದಿಗಳನ್ನು ನೋಡಲು ಕೇಳುವ ಹಕ್ಕು ನಮಗಿದೆ. ಸಾರ್ವೆ ಎಷ್ಟು ವಾರ ಇತ್ತು ಅಂತ ಕೆಳಗಿನ ಮನೆಯವರು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದ್ದಾರೆ. ಕಟ್ಟಿದ ದಿನ, ಬಿಚ್ಚಿದ ದಿನ, ಮಧ್ಯೆ ಯಾರೂ ಕೆಲಸಕ್ಕೆ ಬಾರದ ಒಂಬತ್ತು ದಿನ. ಲಕೋಟೆ ಬಂದ ಭಾನುವಾರ ಮತ್ತೆ ನಮ್ಮ ಮೇಜಿನ ಸುತ್ತ ಕೂರುತ್ತೇವೆ. ತನ್ನ ಬಿಲ್ ಅಲ್ಲದಿದ್ದರೂ ಬರುತ್ತೇನೆ ಅಂತ ಆಂಟಿ ಈಗಲೇ ಹೇಳಿಟ್ಟಿದ್ದಾರೆ. ಅವತ್ತು ಉಪ್ಪಿಟ್ಟು ಮಾಡು ಅಂದಿದ್ದಾರೆ.